ಗೀತಗಳಿಗೆ ನೆಲೆಯಿತ್ತ ದೊರೆ ಸ್ವಾತಿ ತಿರುನಾಳ್

ಇತಿಹಾಸದ ಪುಸ್ತಕಗಳಲ್ಲಿ ನಾವು ಓದುವ ದೊರೆಗಳಲ್ಲಿ ಹೆಚ್ಚಿನವರು ಕೋಟೆಗಳನ್ನು ಹಿಡಿದವರು, ನಾಡುಗಳನ್ನು ಗೆದ್ದವರು. ಅವರ ಯುದ್ಧಗಳ ಇಸವಿಗಳನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತೇವೆ. ಪರೀಕ್ಷೆ ಮುಗಿದೊಡನೆ ಮರೆಯುತ್ತೇವೆ. ಒಂದು ಗೇಣು ನೆಲವನ್ನೂ ಗೆಲ್ಲದೆ, ಕೇವಲ 33 ವರ್ಷ ಬಾಳಿ, ಜನಮನದಲ್ಲಿ ಇಂದಿಗೂ ಉಳಿದಿರುವ ದೊರೆಯೊಬ್ಬರ ಚರಿತ್ರೆಯನ್ನು ನಾವು ಇಲ್ಲಿ ಹೇಳಹೊರಟಿದ್ದೇವೆ. ಅವರೇ ತಿರುವಾಂಕೂರಿನ ಮಹಾರಾಜ ಸ್ವಾತಿ ತಿರುನಾಳ್ ರಾಮವರ್ಮರು. ಅವರು ನೂರಾರು ಹಾಡುಗಳನ್ನು ರಚಿಸಿದರೆಂಬುದು ಸಂಗೀತ ಬಲ್ಲವರಿಗೆಲ್ಲ ತಿಳಿದ ವಿಷಯ. ಯಾವ ಹಾಡಿನ ಹಿಂದೆ ಯಾವ ಹಾಡು ಬರಬೇಕು, ಯಾವುದು ಯಾವ ಸಂಜೆಗೆ ಒಪ್ಪುತ್ತದೆ ಎಂಬುದನ್ನೂ ಅವರು ಆಳವಾಗಿ ಯೋಚಿಸಿದ್ದರೆಂಬುದು ಅಷ್ಟಾಗಿ ಪ್ರಸಿದ್ಧವಲ್ಲ. ಆ ಗುಣವನ್ನೇ ನಾವು ಮುಖ್ಯವಾಗಿ ಇಲ್ಲಿ ನೋಡೋಣ.

ಸ್ವಾತಿ ತಿರುನಾಳರು 1813ನೆಯ ಇಸವಿ ಏಪ್ರಿಲ್ 16ರಂದು ಸ್ವಾತಿ ನಕ್ಷತ್ರದಲ್ಲಿ ಜನಿಸಿದರು. ಹೆಸರು ಬಂದದ್ದೇ ಆ ನಕ್ಷತ್ರದಿಂದ. ನಮ್ಮ ದಕ್ಷಿಣ ಕನ್ನಡದ ಅಳಿಯಸಂತಾನದಂತೆಯೇ ತಿರುವಾಂಕೂರಿನಲ್ಲಿಯೂ ಅಧಿಕಾರವು ತಾಯಿಯ ಕಡೆಯಿಂದ ಬರುತ್ತಿದ್ದಿತು. ಗಂಡು ಮಕ್ಕಳಿಲ್ಲದ ಕಾರಣ ರಾಣಿ ಗೌರಿ ಲಕ್ಷ್ಮೀಬಾಯಿಯವರು ಆಗ ರಾಜ್ಯವಾಳುತ್ತಿದ್ದರು. ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಯ ಕೈ ದಿನೇ ದಿನೇ ಬಲವಾಗುತ್ತಿದ್ದ ಕಾಲವದು. ವಾರಸುದಾರನಿಲ್ಲವೆಂಬ ನೆವದಿಂದ ರಾಜ್ಯ ಕೈತಪ್ಪಬಾರದೆಂದು ಇಡೀ ನಾಡು ಈ ಮಗುವಿನ ಬರವನ್ನು ಕಾದಿದ್ದಿತು. ಗರ್ಭದಲ್ಲಿದ್ದಾಗಲೇ ಒಡೆತನ ಗೊತ್ತಾಗಿದ್ದುದರಿಂದ ಇವರಿಗೆ ಗರ್ಭಶ್ರೀಮಾನ್ ಎಂಬ ಹೆಸರೂ ಸಂದಿತು. ರಾಣಿಯವರು ತುಂಬಿದ ದರ್ಬಾರಿನಲ್ಲಿ ಹಸುಗೂಸನ್ನು ಕಂಪನಿಯ ರಕ್ಷಣೆಗೆ ಒಪ್ಪಿಸಬೇಕಾಯಿತು. ತೊಟ್ಟಿಲಿನಲ್ಲಿದ್ದಾಗಲೇ ತಲೆಯ ಮೇಲೆ ಬಿದ್ದ ಆ ನೆರಳು ಅವರ ಬಾಳಿನ ಕೊನೆಯವರೆಗೂ ಸರಿಯಲಿಲ್ಲ.

ಮಗುವಿಗೆ ಎರಡು ತುಂಬುವಷ್ಟರಲ್ಲಿ ತಾಯಿ ತೀರಿಕೊಂಡರು. ಚಿಕ್ಕಮ್ಮ ಗೌರಿ ಪಾರ್ವತೀಬಾಯಿಯವರು ರಾಜ್ಯಭಾರವನ್ನು ವಹಿಸಿಕೊಂಡು ಮಗುವನ್ನೂ ಸಾಕಿದರು. ವಿದ್ಯಾಭ್ಯಾಸದ ವೆಚ್ಚವನ್ನು ಸರಕಾರವೇ ಹೊರಬೇಕೆಂದು 1817ರಲ್ಲಿ ಆಜ್ಞೆ ಹೊರಡಿಸಿದ ಮಹನೀಯೆ ಅವರೇ ಎಂಬುದನ್ನು ಶಾಲೆಯ ಮಕ್ಕಳಾದ ನೀವು ನೆನಪಿನಲ್ಲಿಡಬೇಕು. ತಂದೆ ರಾಜರಾಜವರ್ಮ ಕೋಯಿತಂಬುರಾನರು ಸಂಸ್ಕೃತ ವಿದ್ವಾಂಸರು. ತಂಜಾವೂರಿನಿಂದ ಬಂದ ಸುಬ್ಬರಾಯರು ಇಂಗ್ಲಿಷನ್ನೂ ಇತರ ವಿಷಯಗಳನ್ನೂ ಕಲಿಸಿದರು. ಹೀಗೆ ಬಾಲಕನು ಹಲವು ಭಾಷೆಗಳ ನಡುವೆ ಬೆಳೆದನು. ಮುಂದೆ ಅವರು ಸಂಸ್ಕೃತ, ಮಲಯಾಳ, ತೆಲುಗು, ಹಿಂದುಸ್ತಾನಿ ಭಾಷೆಗಳಲ್ಲಿ ಕೃತಿಗಳನ್ನು ರಚಿಸಿದರು. ಅವರ ಹೆಸರಿನಲ್ಲಿ ಕನ್ನಡದ ರಚನೆಯೂ ದೊರೆಯುತ್ತದೆಂಬುದು ನಮಗೆ ಹೆಮ್ಮೆಯ ಸಂಗತಿ.

1829ರಲ್ಲಿ, ತಮ್ಮ ಹದಿನಾರನೆಯ ವಯಸ್ಸಿನಲ್ಲಿ, ಅವರು ಆಡಳಿತವನ್ನು ಕೈಗೆ ತೆಗೆದುಕೊಂಡರು. ಕೊಲ್ಲಂನಲ್ಲಿದ್ದ ಮುಖ್ಯ ಕಚೇರಿಯನ್ನು ತಿರುವನಂತಪುರಕ್ಕೆ ತರಿಸಿದರು. 1834ರಲ್ಲಿ ಇಂಗ್ಲಿಷ್ ಶಾಲೆಯೊಂದು ತೆರೆಯಿತು. ಅದೇ ಬೆಳೆದು ಮುಂದೆ ಯೂನಿವರ್ಸಿಟಿ ಕಾಲೇಜಾಯಿತು. 1836ರಲ್ಲಿ ಜನಗಣತಿಯಾಯಿತು, 1837ರಲ್ಲಿ ನಕ್ಷತ್ರ ವೀಕ್ಷಣಾಲಯ ಕಟ್ಟಲ್ಪಟ್ಟಿತು. ಸರಕಾರಿ ಮುದ್ರಣಾಲಯವೂ ಅವರ ಕಾಲದ್ದೇ. ಎಲ್ಲವನ್ನೂ ಎಣಿಸಿ, ಅಳೆದು, ಅದರದರ ಸ್ಥಾನದಲ್ಲಿಡುವುದು ಈ ತರುಣನ ಸ್ವಭಾವವೇ ಆಗಿದ್ದಿತು. ಸಂಗೀತದಲ್ಲಿಯೂ ಅದೇ ಸ್ವಭಾವ ಕೆಲಸಮಾಡಿತು.

ಅವರ ಆಸ್ಥಾನ ಹಲವು ನಾಡುಗಳ ಗುಣಿಗಳ ನೆಲೆವೀಡು. ಮಲಯಾಳದ ಕವಿ ಇರಯಿಮ್ಮನ್ ತಂಬಿಯವರಿದ್ದರು. ಹರಿಕಥೆಯಲ್ಲಿ ಹೆಸರಾದ ಮಹಾರಾಷ್ಟ್ರ ಮೂಲದ ಮೇರುಸ್ವಾಮಿಗಳಿದ್ದರು. ಪಾಲಕ್ಕಾಡಿನ ಪರಮೇಶ್ವರ ಭಾಗವತರಿದ್ದರು. ತಂಜಾವೂರಿನಿಂದ ನಾಟ್ಯಾಚಾರ್ಯ ವಡಿವೇಲು ಬಂದರು. ಬದುಕನ್ನರಸಿ ಹುಟ್ಟೂರನ್ನು ಬಿಟ್ಟು ದೂರದ ನಗರಕ್ಕೆ ಬಂದ ನಮ್ಮಂಥವರಿಗೆ ಈ ಆಸ್ಥಾನದ ಚಿತ್ರ ವಿಶೇಷವಾಗಿ ಪ್ರಿಯವಾಗುತ್ತದೆ. ಅಲ್ಲಿ ಪರನಾಡಿನವನೆಂಬ ಕಾರಣದಿಂದ ಯಾರ ವಿದ್ಯೆಯೂ ಕಡಮೆಯಾಗಲಿಲ್ಲ; ಯಾರೂ ತಮ್ಮ ನುಡಿಯನ್ನು ಬಾಗಿಲ ಹೊರಗೆ ಬಿಟ್ಟು ಬರಬೇಕಾಗಲಿಲ್ಲ.

ವಡಿವೇಲು ಅವರ ವಿಷಯವನ್ನು ಸ್ವಲ್ಪ ವಿವರಿಸಬೇಕು. ಚಿನ್ನಯ್ಯ, ಪೊನ್ನಯ್ಯ, ಶಿವಾನಂದಂ, ವಡಿವೇಲು ಎಂಬ ನಾಲ್ವರು ಸಹೋದರರು ಮುತ್ತುಸ್ವಾಮಿ ದೀಕ್ಷಿತರ ಶಿಷ್ಯರು. ತಂಜಾವೂರಿನ ಅರಮನೆಯಲ್ಲಿ ಹೆಸರಾದವರು. ಹಿರಿಯರಾದ ಚಿನ್ನಯ್ಯನವರು ನಮ್ಮ ಮೈಸೂರಿಗೆ ಬಂದು ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯ ಪಡೆದರು. ಕಿರಿಯರಾದ ವಡಿವೇಲು ತಿರುವನಂತಪುರಕ್ಕೆ ಹೋದರು. ವಡಿವೇಲು ಅವರು ಪಾಶ್ಚಾತ್ಯ ವಾದ್ಯವಾದ ಪಿಟೀಲನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದವರಲ್ಲಿ ಒಬ್ಬರು. ಮಹಾರಾಜರು 1834ರಲ್ಲಿ ದಂತದ ಪಿಟೀಲೊಂದನ್ನು ಅವರಿಗೆ ಬಹುಮಾನವಾಗಿ ಕೊಟ್ಟರು.

ಈ ಸಹೋದರರ ಹಿರಿಯ ಸಾಧನೆಯೆಂದರೆ ನೃತ್ಯದ ಒಂದು ಸಂಜೆಯ ಹಾಡುಗಳಿಗೆ ಕ್ರಮವನ್ನು ನಿಲ್ಲಿಸಿದ್ದು. ಮೊದಲು ಅಲರಿಪು: ಅದರಲ್ಲಿ ಮಾತಿಲ್ಲ, ರಾಗವೂ ಮುಖ್ಯವಲ್ಲ, ಕಣ್ಣು, ಕುತ್ತಿಗೆ, ತೋಳು, ಕಾಲುಗಳು ಒಂದೊಂದಾಗಿ ಎಚ್ಚರಗೊಳ್ಳುತ್ತವೆ. ಅನಂತರ ಜತಿಸ್ವರ: ತಾಳದೊಡನೆ ರಾಗ ಕೂಡುತ್ತದೆ. ಆಮೇಲೆ ಶಬ್ದ: ಇಲ್ಲಿ ಮೊದಲ ಬಾರಿಗೆ ಮಾತು ಬರುತ್ತದೆ, ಅಭಿನಯ ತಲೆಯೆತ್ತುತ್ತದೆ. ಮೈಯೂ ಮನಸ್ಸೂ ಹದಕ್ಕೆ ಬಂದ ಮೇಲೆ ಎಲ್ಲಕ್ಕಿಂತ ದೀರ್ಘವೂ ಕಠಿನವೂ ಆದ ವರ್ಣ. ಅದರ ದಣಿವನ್ನು ಕಳೆಯಲು ನಿಧಾನಗತಿಯ ಪದ. ಕಾಲು ವಿಶ್ರಮಿಸುತ್ತದೆ, ಮುಖ ಮಾತಾಡುತ್ತದೆ. ಕೊನೆಗೆ ಉತ್ಸಾಹ ಚಿಮ್ಮುವ ತಿಲ್ಲಾನ. ಈ ಕ್ರಮವನ್ನು ಮಾರ್ಗವೆಂದು ಕರೆಯುತ್ತಾರೆ. ವರ್ಣವನ್ನು ಮೊದಲಿಗಿಟ್ಟರೆ ನರ್ತಕಿಯ ಮೈ ಇನ್ನೂ ಸಿದ್ಧವಾಗಿರುವುದಿಲ್ಲ. ಕೊನೆಗಿಟ್ಟರೆ ನೋಡುವವರ ಗಮನ ಸೋತಿರುತ್ತದೆ.

ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಕಾರ್ಯಕ್ರಮದ ಪಟ್ಟಿ ತಯಾರಿಸುವಾಗ ಉಪಾಧ್ಯಾಯರು ಪಡುವ ಶ್ರಮವನ್ನು ಬಲ್ಲವರಿಗೆ ಇದರ ಮರ್ಮ ಸುಲಭವಾಗಿ ತಿಳಿಯುತ್ತದೆ. ಸಮುದ್ರದಾಚೆಯಲ್ಲಿಯೂ ಇದೇ ವಿವೇಕ ಉಂಟು. ದಕ್ಷಿಣ ಅಮೆರಿಕದ ಅರ್ಜೆಂಟೀನಾ ದೇಶದಲ್ಲಿ ಟ್ಯಾಂಗೊ ಎಂಬ ಜೋಡಿ ನೃತ್ಯವಿದೆ. ಅದರ ಕೂಟಗಳಲ್ಲಿ ಹಾಡುಗಳನ್ನು ಮನಬಂದಂತೆ ನುಡಿಸುವುದಿಲ್ಲ. ಒಂದೇ ವಾದ್ಯವೃಂದದ ಮೂರು ನಾಲ್ಕು ಹಾಡುಗಳನ್ನು ಗುಂಪುಮಾಡಿ ನುಡಿಸುತ್ತಾರೆ. ಗುಂಪು ಮುಗಿದೊಡನೆ ಬೇರೆ ಬಗೆಯ ಒಂದು ಚಿಕ್ಕ ತುಣುಕು, ನಾಟಕದ ಅಂಕದ ಪರದೆಯಂತೆ, ಬರುತ್ತದೆ. ಆಗ ನರ್ತಿಸುವವರು ಉಸಿರು ತಿರುಗಿಸಿಕೊಂಡು ಜೊತೆಗಾರರನ್ನು ಬದಲಿಸಿಕೊಳ್ಳುತ್ತಾರೆ. ಹಾಡು ಆರಿಸುವವನು ಕುಣಿಯುವವರ ಮುಖವನ್ನೂ ಹೆಜ್ಜೆಯನ್ನೂ ನೋಡುತ್ತಲೇ ಇರಬೇಕು. ದೇಶ ಬೇರೆ, ಕುಣಿತ ಬೇರೆ. ಆದರೂ ಇನ್ನೊಬ್ಬರ ಮೈಯ ದಣಿವನ್ನು ಮೊದಲೇ ಊಹಿಸಿ ಹಾಡು ಹೊಂದಿಸುವ ಕರುಣೆ ಒಂದೇ.

ವಡಿವೇಲು ತಂದ ಈ ಕ್ರಮಕ್ಕೆ ಸ್ವಾತಿ ತಿರುನಾಳರು ತಮ್ಮ ರಚನೆಗಳನ್ನು ಧಾರೆಯೆರೆದರು. ವರ್ಣಗಳು, ಪದಗಳು, ತಿಲ್ಲಾನಗಳು ಅವರಿಂದ ಹೊರಟವು. ಧನಾಶ್ರೀ ರಾಗದ ಅವರ ತಿಲ್ಲಾನದಿಂದ ನೃತ್ಯ ಕಚೇರಿಯನ್ನು ಮುಗಿಸುವುದು ಇಂದಿಗೂ ರೂಢಿಯಲ್ಲಿದೆ. ಕೇರಳದ್ದೇ ಆದ ಮೋಹಿನಿಯಾಟ್ಟಕ್ಕೂ ಆ ಆಸ್ಥಾನದಲ್ಲಿ ವರ್ಣ, ಪದ, ತಿಲ್ಲಾನಗಳ ಸಂಪತ್ತು ಕೂಡಿತು.

ಹಾಡುಗಳನ್ನು ಗುಂಪು ಗುಂಪಾಗಿ ರಚಿಸುವುದು ಮಹಾರಾಜರಿಗೆ ಅತಿ ಪ್ರಿಯವಾದ ಕೆಲಸ. ಭಕ್ತಿಯ ಒಂಬತ್ತು ವಿಧಗಳಿಗೆ ಒಂಬತ್ತು ಕೃತಿಗಳು. ಪದ್ಮನಾಭಸ್ವಾಮಿಯ ಹತ್ತು ದಿನಗಳ ಉತ್ಸವಕ್ಕೆ ಉತ್ಸವಪ್ರಬಂಧ. ಇವೆಲ್ಲಕ್ಕಿಂತ ಪ್ರಸಿದ್ಧವಾದವು ನವರಾತ್ರಿಯ ಒಂಬತ್ತು ಕೃತಿಗಳು. ಸಂಜೆಗೊಂದು ರಾಗ, ರಾಗಕ್ಕೊಂದು ಕೃತಿ: ಶಂಕರಾಭರಣ, ಕಲ್ಯಾಣಿ, ಸಾವೇರಿ, ತೋಡಿ, ಭೈರವಿ, ಪಂತುವರಾಳಿ, ಶುದ್ಧಸಾವೇರಿ, ನಾಟಕುರಂಜಿ, ಆರಭಿ. ಮೊದಲೆರಡು ರಾಗಗಳ ನಡುವೆ ಮಧ್ಯಮವೊಂದರದೇ ಭೇದ. ಆದರೂ ಭಾವ ಎಷ್ಟು ಬೇರೆ! ನಡುವಿನ ದಿನಗಳಲ್ಲಿ ತೋಡಿ, ಭೈರವಿಯಂಥ ಗಂಭೀರ ರಾಗಗಳು ನಿಂತಿವೆ. ಏಳನೆಯ ದಿನ ಐದೇ ಸ್ವರಗಳ ಶುದ್ಧಸಾವೇರಿ ಬಂದು ಮನಸ್ಸನ್ನು ಹಗುರಮಾಡುತ್ತದೆ. ಒಂಬತ್ತನೆಯ ದಿನ ಆರಭಿ, ಬೆಳಗಿನ ಬಿಸಿಲಿನಂತೆ.

ತಿರುವನಂತಪುರದ ಕೋಟೆಯೊಳಗೆ, 122 ಮರದ ಕುದುರೆಗಳನ್ನು ಕೆತ್ತಿರುವ ಕುದುರಮಾಳಿಗೆ ಅರಮನೆಯ ಪಕ್ಕದಲ್ಲಿ, ನವರಾತ್ರಿ ಮಂಟಪವಿದೆ. ನಾದ ಹದವಾಗಿ ಹರಡಲೆಂದು ಅದರ ಮಾಡಿನಿಂದ ಮಣ್ಣಿನ ಗಡಿಗೆಗಳನ್ನು ಬೋರಲಾಗಿ ತೂಗುಬಿಟ್ಟಿದ್ದಾರೆ. ಪದ್ಮನಾಭಪುರದಿಂದ ಸರಸ್ವತೀದೇವಿಯ ಮೂರ್ತಿ ಮೆರವಣಿಗೆಯಲ್ಲಿ ಅಲ್ಲಿಗೆ ಬರುತ್ತದೆ. ಮೊದಲು ಮುಲ್ಲಮೂಡು ಭಾಗವತರು ತೋಡಯಮಂಗಳ ಹಾಡುತ್ತಾರೆ, ಅನಂತರ ಕಚೇರಿ. ಕೇಳುವವರು ನೆಲದ ಮೇಲೆ ಕುಳಿತಿರುತ್ತಾರೆ. ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಏಕೆಂದರೆ ಹಾಡು ದೇವಿಗೆ ಅರ್ಪಿತ.

ಇಷ್ಟು ಸೊಗಸಾಗಿ ಸಂಜೆಗಳನ್ನು ಹೊಂದಿಸಿದ ದೊರೆಗೆ ತನ್ನ ಹಗಲುಗಳನ್ನು ಹೊಂದಿಸಿಕೊಳ್ಳುವ ಅವಕಾಶ ಉಳಿಯಲಿಲ್ಲ. 1840ರಲ್ಲಿ ಕಂಪನಿಯ ರೆಸಿಡೆಂಟನಾಗಿ ಕಲ್ಲೆನ್ ಬಂದನು. ಆಡಳಿತದ ಸೂತ್ರಗಳೆಲ್ಲ ಕ್ರಮೇಣ ಅವನ ಕೈಸೇರಿದವು. ಮಹಾರಾಜರ ಮಾತಿಗೆ ತಮ್ಮ ಕಚೇರಿಯಲ್ಲಿಯೇ ಬೆಲೆಯಿಲ್ಲದಂತಾಯಿತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಂದ 1831ರಲ್ಲಿ ಆಡಳಿತವನ್ನು ಕಸಿದುಕೊಂಡದ್ದೂ ಇದೇ ಕಂಪನಿ. ಇಬ್ಬರು ದೊರೆಗಳೂ ಕಲೆಯ ಮಡಿಲನ್ನು ಬಿಡಲಿಲ್ಲ. ಮುಮ್ಮಡಿಯವರಿಗೆ ದೀರ್ಘಾಯುಷ್ಯವಿದ್ದಿತು, ಸ್ವಾತಿ ತಿರುನಾಳರಿಗೆ ಅದೂ ಇರಲಿಲ್ಲ. ನೊಂದು, ಜನಸಂಪರ್ಕದಿಂದ ದೂರವಾಗಿ, ಆರೋಗ್ಯ ಕೆಟ್ಟು, 1846ರ ಡಿಸೆಂಬರಿನಲ್ಲಿ ಅವರು ಕಣ್ಣುಮುಚ್ಚಿದರು.

ಮುಂದೆ ನಡೆದುದನ್ನು ನಾವೆಲ್ಲರೂ ಗಮನಿಸಬೇಕು. ಸುಮಾರು 90 ವರ್ಷಗಳಲ್ಲಿ ಅವರ ಎಷ್ಟೋ ರಚನೆಗಳ ಸಾಹಿತ್ಯ ಮಾತ್ರ ಉಳಿದು ಧಾಟಿ ಮರೆತುಹೋಯಿತು. ಆದರೆ ನವರಾತ್ರಿಯ ಕೃತಿಗಳು ಉಳಿದವು. ಅವುಗಳಿಗೆ ಒಂದು ದಿನ, ಒಂದು ಸ್ಥಳ, ಒಂದು ಸರದಿ ಗೊತ್ತಾಗಿದ್ದಿತು. ವರ್ಷ ವರ್ಷವೂ ಆ ಸಂಜೆ ಬಂದೇ ಬರುತ್ತಿದ್ದಿತು, ಹಾಡನ್ನು ಕೇಳಿಯೇ ಕೇಳುತ್ತಿದ್ದಿತು. ಅರಸನ ಅಧಿಕಾರ ಹೋಯಿತು. ಅರಸನು ಹಾಕಿದ ಸರದಿ ನಿಂತಿತು. 1930ರ ದಶಕದ ಕೊನೆಯಿಂದ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರೂ ಶೆಮ್ಮಂಗುಡಿ ಶ್ರೀನಿವಾಸ ಅಯ್ಯರವರೂ ಉಳಿದ ಕೃತಿಗಳನ್ನು ಹುಡುಕಿ, ಧಾಟಿಯಿಲ್ಲದವಕ್ಕೆ ಧಾಟಿ ಕೂಡಿಸಿ, ಸ್ವರಪಡಿಸಿ ಪ್ರಚಾರಕ್ಕೆ ತಂದರು. ಮೈಸೂರಿನಲ್ಲಿದ್ದಾಗ ಚಾಮುಂಡೇಶ್ವರಿಯ ಮೇಲೆ 108 ಕನ್ನಡ ಕೃತಿಗಳನ್ನು ರಚಿಸಿದ ಮುತ್ತಯ್ಯ ಭಾಗವತರೇ ಇವರು. 1939ರಲ್ಲಿ ಸ್ಥಾಪಿತವಾದ ಸಂಗೀತಶಾಲೆ ಇಂದು ಸ್ವಾತಿ ತಿರುನಾಳರ ಹೆಸರಿನ ಕಾಲೇಜಾಗಿದೆ.

ಮೋಹಿನಿಯಾಟ್ಟದ ಕಥೆಯೂ ಹೀಗೆಯೇ. ಅದು ಕ್ಷೀಣಿಸಿ ಅಳಿಯುವಂತಿದ್ದಾಗ, ವಳ್ಳತ್ತೋಳ್ ನಾರಾಯಣ ಮೇನೋನರು 1930ರಲ್ಲಿ ಸ್ಥಾಪಿಸಿದ, ಹಿಂದಿನ ಕೊಚ್ಚಿ ಸಂಸ್ಥಾನದ ಚೆರುತುರುತ್ತಿಯಲ್ಲಿ ನೆಲೆಸಿದ ಕಲಾಮಂಡಲವು ಅದಕ್ಕೆ ಆಸರೆಯಾಯಿತು. ಅಲ್ಲಿ ಕಲಿತ ಕಲ್ಯಾಣಿಕುಟ್ಟಿ ಅಮ್ಮನವರು ಕೊಚ್ಚಿ ನಗರದ ಬಳಿಯ ತೃಪ್ಪೂಣಿತ್ತುರದಲ್ಲಿ ನೆಲೆಸಿ ಶಿಷ್ಯರನ್ನು ತಯಾರುಮಾಡಿದರು. ಚೊಲ್ಕೆಟ್ಟು, ಜತಿಸ್ವರ, ವರ್ಣ, ಪದ, ತಿಲ್ಲಾನ ಎಂಬ ಕ್ರಮದಲ್ಲಿ ಆ ನೃತ್ಯ ಮತ್ತೆ ಎದ್ದು ನಿಂತಿತು. ತಿರುವನಂತಪುರದಲ್ಲಿ ಹಚ್ಚಿದ ದೀಪದ ಬೆಳಕು ಕೊಚ್ಚಿಯವರೆಗೆ ಹಬ್ಬಿತೆಂದು ನಾವು ಹೇಳಬಹುದು.

ಕ್ರಮವೆಂದರೆ ಬದಲಾಗದ ಕಟ್ಟಳೆಯೆಂದು ಯಾರೂ ತಿಳಿಯಬಾರದು. ನವರಾತ್ರಿ ಮಂಟಪದಲ್ಲಿ ಬಹುಕಾಲ ಗಂಡಸರೇ ಹಾಡುತ್ತಿದ್ದರು. ಅದೇ ಸಂಗೀತ ಕಾಲೇಜಿನಲ್ಲಿ ಕಲಿತ ಪಾರಶ್ಶಾಲ ಪೊನ್ನಮ್ಮಾಳರು 2006ರಲ್ಲಿ ಅಲ್ಲಿ ಹಾಡಿ ಆ ತಡೆಯನ್ನು ದಾಟಿದರು. ಹಾಡುವವರ ಸಾಲು ದೊಡ್ಡದಾಯಿತು. ರಾಗಗಳ ಸಾಲು ಕದಲಲಿಲ್ಲ.

ವಿದ್ಯಾರ್ಥಿ ಮಿತ್ರರೇ, ಒಳ್ಳೆಯದನ್ನು ಸಂಪಾದಿಸುವವರು ಲೋಕದಲ್ಲಿ ಹಲವರು. ಅದಕ್ಕೊಂದು ನೆಲೆ, ಒಂದು ಹೊತ್ತು ಗೊತ್ತುಮಾಡಿ ಮುಂದಿನವರ ಕೈಗಿಡುವವರು ವಿರಳ. ಮನೆಯಲ್ಲಿ ಅಜ್ಜಿ ಹೇಳುವ ಹಾಡೂ, ನಾಡಿನಿಂದ ದೂರವಿದ್ದು ನಾವು ಆಡುವ ಕನ್ನಡವೂ ಹಾಗೆಯೇ. ಬರಿಯ ಅಭಿಮಾನದಿಂದ ಅವು ಉಳಿಯವು. ದಿನದಲ್ಲಿ ಅವಕ್ಕೊಂದು ಹೊತ್ತು ಬೇಕು, ಮನೆಯಲ್ಲಿ ಒಂದು ಜಾಗ ಬೇಕು. ಅಲ್ಪಾಯುವಾದ ಈ ದೊರೆಯ ಬಾಳಿನಿಂದ ನಾವು ಕಲಿಯಬೇಕಾದ ಪಾಠ ಇದೇ.