ಗ್ರಂಥಪಾಲರಾದ ಗಣಿತದ ಮೇಷ್ಟರು

ಪಾಠ ಹೇಳಿದ ಗುರುಗಳನ್ನು ನಾವು ಬದುಕಿರುವಷ್ಟು ಕಾಲ ನೆನೆಯುತ್ತೇವೆ. ಪುಸ್ತಕ ತೆಗೆದುಕೊಟ್ಟವರನ್ನು ನೆನೆಯುವವರು ವಿರಳ. ಪುಸ್ತಕ ಕೊಡುವವನೂ ಗುರುವೇ ಎಂಬುದನ್ನು ನಮ್ಮ ವಿಶ್ವವಿದ್ಯಾನಿಲಯಗಳಿಂದ ಒಪ್ಪಿಸುವುದಕ್ಕಾಗಿ ಸುಮಾರು ಅರ್ಧ ಶತಮಾನ ಕಾಲ ದುಡಿದ ಮಹನೀಯರೊಬ್ಬರಿದ್ದರು. ಅವರೇ ಶಿಯಾಳಿ ರಾಮಾಮೃತ ರಂಗನಾಥನ್. ಅವರ ಹೆಸರು ಗ್ರಂಥಪಾಲರಿಗೆಲ್ಲ ಗೊತ್ತು. ಯಾರಿಗಾಗಿ ಅವರು ದುಡಿದರೋ ಆ ವಿದ್ಯಾರ್ಥಿಗಳಿಗೆ ಅಷ್ಟಾಗಿ ಗೊತ್ತಿಲ್ಲ. ಆದುದರಿಂದ ಈ ಪುಟಗಳಲ್ಲಿ ಅವರ ಜೀವನವನ್ನು ನನಗೆ ತಿಳಿದಮಟ್ಟಿಗೆ ಹೇಳಬೇಕೆಂದಿದ್ದೇನೆ.

ರಂಗನಾಥನ್ ಹುಟ್ಟಿದ್ದು ೧೮೯೨ರ ಆಗಸ್ಟ್ ತಿಂಗಳಿನಲ್ಲಿ, ಆಗಿನ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ. ತಂದೆ ರಾಮಾಯಣದ ಪ್ರವಚನ ಮಾಡುತ್ತಿದ್ದವರು. ಹುಡುಗನಿಗೆ ಆರು ವರ್ಷವಾಗುವ ಹೊತ್ತಿಗೆ ಅವರು ತೀರಿಕೊಂಡರು. ಬಾಲ್ಯದಿಂದಲೂ ರಂಗನಾಥನ್‌ರಿಗೆ ಮಾತು ತಡವರಿಸುವ ತೊಂದರೆ ಇದ್ದಿತು. ಹಾಗಿದ್ದೂ ಅವರು ಆರಿಸಿಕೊಂಡದ್ದು ಮಾತನ್ನೇ ನಂಬಿದ ಮೇಷ್ಟರ ವೃತ್ತಿಯನ್ನು! ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಎಡ್ವರ್ಡ್ ರಾಸ್ ಎಂಬ ಗುರುಗಳ ಕೈಕೆಳಗೆ ಗಣಿತವನ್ನು ಓದಿ, ೧೯೧೬ರಲ್ಲಿ ಎಂ.ಎ. ಮುಗಿಸಿದರು. ಮರುವರ್ಷವೇ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಅಧ್ಯಾಪಕರಾದರು. ಅವರ ಮೊದಲ ಶಿಷ್ಯರು ನಮ್ಮ ಕರಾವಳಿಯ ಹುಡುಗರೆಂಬುದು ನಮಗೆ ಹೆಮ್ಮೆಯ ಸಂಗತಿಯಲ್ಲವೆ? ಅಲ್ಲಿಂದ ಕೊಯಮತ್ತೂರು, ಬಳಿಕ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು.

೧೯೨೩ರಲ್ಲಿ ಮದರಾಸು ವಿಶ್ವವಿದ್ಯಾನಿಲಯವು ಗ್ರಂಥಪಾಲರ ಹುದ್ದೆಯೊಂದನ್ನು ಹೊಸದಾಗಿ ನಿರ್ಮಿಸಿತು. ಸುಮಾರು ೯೦೦ ಅರ್ಜಿಗಳು ಬಂದುವಂತೆ. ಅವರಲ್ಲಿ ಒಬ್ಬರಾದರೂ ಆ ವಿದ್ಯೆಯನ್ನು ಕ್ರಮವಾಗಿ ಕಲಿತವರಿರಲಿಲ್ಲ. ರಂಗನಾಥನ್ ತಾವು ಅರ್ಜಿ ಹಾಕಿದ್ದನ್ನೇ ಮರೆತಿದ್ದರು. ಸಂದರ್ಶನಕ್ಕೆ ಕರೆ ಬಂದಾಗ ವಿಶ್ವಕೋಶದಲ್ಲಿ ಗ್ರಂಥಭಂಡಾರದ ವಿಷಯವಾಗಿದ್ದ ಲೇಖನವೊಂದನ್ನು ಓದಿಕೊಂಡು ಹೋದರು. ಕೆಲಸ ಅವರಿಗೇ ಸಿಕ್ಕಿತು.

೧೯೨೪ರ ಜನವರಿಯಲ್ಲಿ ಆ ಕುರ್ಚಿಯಲ್ಲಿ ಕುಳಿತ ಮೇಲೆ ಅವರಿಗಾದ ಬೇಸರ ಇಷ್ಟಷ್ಟಲ್ಲ. ಸುತ್ತ ಪುಸ್ತಕಗಳಿದ್ದುವು, ಓದುವವರಿರಲಿಲ್ಲ. ತರಗತಿಯ ತುಂಬ ಹುಡುಗರನ್ನು ಕಂಡು ರೂಢಿಯಾಗಿದ್ದವರಿಗೆ ಆ ಮೌನ ಸಹಿಸದಾಯಿತು. ಕೆಲವೇ ವಾರಗಳಲ್ಲಿ ಅವರು ಹಿಂದಿರುಗಿ ಹೋಗಿ, ಹಳೆಯ ಮೇಷ್ಟರ ಕೆಲಸವನ್ನೇ ಕೊಡಿರೆಂದು ಬೇಡಿಕೊಂಡರು. ಕೊನೆಗೆ ಒಂದು ಒಪ್ಪಂದವಾಯಿತು: ಲಂಡನ್ನಿಗೆ ಹೋಗಿ ಈ ವಿದ್ಯೆಯನ್ನು ನೋಡಿ ಬರುವುದು, ಬಂದ ಮೇಲೂ ಒಗ್ಗದಿದ್ದರೆ ಗಣಿತದ ಕೆಲಸ ಹೇಗೂ ಇದ್ದೇ ಇದೆ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಬೆರ್ವಿಕ್ ಸೇಯರ್ಸ್ ಎಂಬುವರು ಅವರಿಗೆ ಗುರುಗಳಾದರು. ತರಗತಿಗಿಂತ ಹೆಚ್ಚಾಗಿ ಅವರ ಕಣ್ಣು ತೆರೆಸಿದ್ದು ಆ ದೇಶದ ನೂರಕ್ಕೂ ಮಿಕ್ಕ ಗ್ರಂಥಭಂಡಾರಗಳ ಸಂದರ್ಶನ. ಅಲ್ಲಿ ಗ್ರಂಥಪಾಲನು ಬೀಗದ ಕೈ ಹಿಡಿದ ಕಾವಲುಗಾರನಾಗಿರದೆ, ಬಂದವರ ಬಳಿ ನಿಂತು ಬೇಕಾದುದನ್ನು ಹುಡುಕಿಕೊಡುವವನಾಗಿದ್ದನು. ಇದೂ ಪಾಠ ಹೇಳುವ ಕೆಲಸವೇ, ಕಪ್ಪುಹಲಗೆಯಿಲ್ಲ ಅಷ್ಟೆ. ಅಲ್ಲಿಯೇ ಒಂದು ಅಂಗಡಿಯಲ್ಲಿ, ಕೆಲವೇ ಪಟ್ಟಿಗಳನ್ನೂ ತಿರುಪುಗಳನ್ನೂ ಬೇರೆ ಬೇರೆ ಬಗೆಯಾಗಿ ಜೋಡಿಸಿ ನಾನಾ ಆಟಿಕೆಗಳನ್ನು ಮಾಡುವ ಮೆಕಾನೋ ಎಂಬ ಸಾಮಾನನ್ನು ಕಂಡರು. ಪುಸ್ತಕದ ವಿಷಯಗಳನ್ನೂ ಹೀಗೆಯೇ ಬಿಡಿಭಾಗಗಳಿಂದ ಜೋಡಿಸಬಹುದಲ್ಲಾ ಎಂದು ಹೊಳೆಯಿತು. ಅದರ ಫಲವೇ ೧೯೩೩ರಲ್ಲಿ ಅಚ್ಚಾದ ಕೋಲನ್ ವರ್ಗೀಕರಣ. ಅದರ ಆಳವನ್ನು ವಿವರಿಸುವುದು ಆ ಶಾಸ್ತ್ರವನ್ನು ಓದಿದವರ ಕೆಲಸ, ನನ್ನದಲ್ಲ.

೧೯೨೫ರಲ್ಲಿ ಮದರಾಸಿಗೆ ಹಿಂದಿರುಗಿದ ರಂಗನಾಥನ್ ಗಣಿತದ ಕೆಲಸವನ್ನು ಕೇಳಲೇ ಇಲ್ಲ. ಓದುಗರೇ ಕಪಾಟುಗಳ ನಡುವೆ ಓಡಾಡಿ ಪುಸ್ತಕವನ್ನು ಕೈಯಿಂದ ಮುಟ್ಟಿ ಆರಿಸಿಕೊಳ್ಳುವ ಏರ್ಪಾಟನ್ನು ತಂದರು. ಪುಸ್ತಕವಿರುವುದು ಕಾಪಾಡಿಡುವುದಕ್ಕಲ್ಲ, ಬಳಸುವುದಕ್ಕೆ ಎಂಬುದು ಅವರ ಐದು ಸೂತ್ರಗಳಲ್ಲಿ ಮೊದಲನೆಯದರ ಸಾರ. ಇದನ್ನು ಮೊದಲು ಸೂಚಿಸಿದವರು ಹಳೆಯ ಗುರು ರಾಸ್ ಅವರೇ. ಗಣಿತದ ಮೇಷ್ಟರೂ ಗ್ರಂಥಪಾಲರೂ ಕೂಡಿ ಕಂಡುಕೊಂಡ ಈ ಶಾಸ್ತ್ರವು ೧೯೩೧ರಲ್ಲಿ ಪುಸ್ತಕವಾಗಿ ಹೊರಬಂದಿತು.

ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದುದು ಇನ್ನೊಂದು ಸಂಗತಿ. ಹೊಸದಾಗಿ ಬಂದ ವಿದ್ಯಾರ್ಥಿಯನ್ನು ಗ್ರಂಥಭಂಡಾರಕ್ಕೆ ಪರಿಚಯ ಮಾಡಿಸುವುದನ್ನು ಅವರು ಗ್ರಂಥಪಾಲನ ಕರ್ತವ್ಯಗಳಲ್ಲಿ ಒಂದೆಂದು ಬೇರೆಯಾಗಿಯೇ ವಿಂಗಡಿಸಿದರು. ದೊಡ್ಡ ಗ್ರಂಥಭಂಡಾರವನ್ನು ಹೊಕ್ಕ ಹುಡುಗನು ಮೊದಲು ಅಂಜುತ್ತಾನೆ. ಕೇಳಿದರೆ ದಡ್ಡನೆಂದುಕೊಂಡಾರೆಂದು ಸುಮ್ಮನಿರುತ್ತಾನೆ. ಇದನ್ನು ರಂಗನಾಥನ್ ಚೆನ್ನಾಗಿ ಅರಿತಿದ್ದರು. ಆದುದರಿಂದ ಅವನು ಕೇಳಲೆಂದು ಕಾಯದೆ ತಾವೇ ಅವನ ಬಳಿ ಹೋಗುವ ಗ್ರಂಥಪಾಲರು ಬೇಕೆಂದರು. ಹೊಸಬರನ್ನು ಚಿಕ್ಕ ಚಿಕ್ಕ ಗುಂಪು ಮಾಡಿ, ಕಪಾಟುಗಳ ಸಾಲನ್ನು ತೋರಿಸಿ, ಸೂಚಿಯನ್ನು ನೋಡುವ ರೀತಿಯನ್ನು ಕೈಯಾರೆ ಮಾಡಿಸಿ ಕಲಿಸಬೇಕು. ಇದು ಮೊದಲ ಮೆಟ್ಟಿಲು. ಒಡನೆಯೇ ಉತ್ತರ ಕೊಡಬಲ್ಲ ಪ್ರಶ್ನೆಗಳದು ಇನ್ನೊಂದು ಬಗೆ. ದಿನಗಟ್ಟಲೆ, ಒಮ್ಮೊಮ್ಮೆ ವಾರಗಟ್ಟಲೆ ಓದುಗನ ಜೊತೆ ಸೇರಿ ಹುಡುಕಬೇಕಾದ ಪ್ರಶ್ನೆಗಳದು ಮತ್ತೊಂದು. ಈ ಕಡೆಯ ಕೆಲಸದಲ್ಲಿ ಯಾರು ಗುರು, ಯಾರು ಶಿಷ್ಯ ಎಂಬುದೇ ಮರೆತುಹೋಗುತ್ತದೆ, ಇಬ್ಬರೂ ಕಲಿಯುತ್ತಾರೆ.

ಇಲ್ಲಿ ನನ್ನ ಮಾತೊಂದನ್ನು ಸೇರಿಸಲು ವಾಚಕರು ಅನುಮತಿ ಕೊಡಬೇಕು. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಅಪ್ಪ ನಾಲ್ಕನೆಯ ತರಗತಿಗೆ ಓದು ಬಿಟ್ಟವರು. ಅವ್ವನಿಗೆ ಸಹಿಯಷ್ಟೇ ಬರುತ್ತದೆ. ಮನೆಯಲ್ಲಿದ್ದ ಅಚ್ಚಿನ ಪುಸ್ತಕವೆಂದರೆ ಪಂಚಾಂಗ. ಆಕರ ಗ್ರಂಥವನ್ನು ನೋಡಿಕೊಳ್ಳಿ ಎಂದು ಅಧ್ಯಾಪಕರು ಹೇಳಿದಾಗ, ಅದೆಂದರೇನೆಂದು ಮನೆಗೆ ಬಂದು ಯಾರನ್ನು ಕೇಳುವುದು? ಓದಿದವರ ಮನೆಯ ಮಕ್ಕಳಿಗೆ ಅಣ್ಣನೋ ಮಾವನೋ ಹೇಳಿಕೊಡುತ್ತಾರೆ. ಹಿಂದೆ ನಾನು ಓದಿದ ಒಂದು ಕಡೆ ಬೀರುಗಳಿಗೆ ಸದಾ ಬೀಗ. ಗಾಜಿನಾಚೆಯಿಂದ ಪುಸ್ತಕದ ಬೆನ್ನನ್ನು ಓದಿ ಹಿಂದಿರುಗುತ್ತಿದ್ದೆವು. ಅಂಥ ಬೀಗವನ್ನು ತೆಗೆಯಬೇಕೆಂದು ನೂರು ವರ್ಷಗಳ ಹಿಂದೆಯೇ ಒಬ್ಬರು ಹಟ ಹಿಡಿದಿದ್ದರೆಂದು ತಿಳಿದಾಗ ನನಗೆ ಸಂತೋಷವೂ ಆಯಿತು, ಸ್ವಲ್ಪ ಕೋಪವೂ ಬಂದಿತು.

ಗ್ರಂಥಪಾಲನೊಬ್ಬನಿಂದಲೇ ಇದೆಲ್ಲ ಆಗದೆಂಬುದನ್ನು ರಂಗನಾಥನ್ ಬಲ್ಲರು. ಶಾಲಾ ಕಾಲೇಜುಗಳ ಗ್ರಂಥಭಂಡಾರಗಳನ್ನು ಕುರಿತು ೧೯೪೨ರಲ್ಲಿ ಅವರದೊಂದು ಪುಸ್ತಕ ಬಂದಿತು. ಅಧ್ಯಾಪಕರೂ ಗ್ರಂಥಪಾಲರೂ ಜೊತೆಗೂಡಿ ನಡೆಸುವ ವಿದ್ಯಾಭ್ಯಾಸ ಅವರ ಕನಸು. ತರಗತಿಯಲ್ಲಿ ಅಧ್ಯಾಪಕರು ಹಸಿವನ್ನು ಹುಟ್ಟಿಸುವುದು, ಗ್ರಂಥಭಂಡಾರದಲ್ಲಿ ಊಟ ಬಡಿಸುವುದು ಎಂದು ಅದನ್ನು ನಾನು ನನ್ನ ಮಾತಿನಲ್ಲಿ ಹೇಳಿಕೊಂಡಿದ್ದೇನೆ. ನೋಟ್ಸು ಬರೆಸಿ ಬಾಯಿಪಾಠ ಮಾಡಿಸುವಲ್ಲಿ ಇಂಥ ಗ್ರಂಥಪಾಲನಿಗೆ ಕೆಲಸವೇ ಇಲ್ಲ.

ಮದರಾಸಿನಲ್ಲಿದ್ದ ಇಪ್ಪತ್ತು ವರ್ಷಗಳೂ ಅವರು ದಿನಕ್ಕೆ ಹದಿಮೂರು ಗಂಟೆ, ವಾರಕ್ಕೆ ಏಳು ದಿನ, ರಜವಿಲ್ಲದೆ ದುಡಿದರೆಂದು ಪ್ರತೀತಿ. ತಮ್ಮ ಮದುವೆಯ ದಿನ ಮಧ್ಯಾಹ್ನವೇ ಕೆಲಸಕ್ಕೆ ಮರಳಿದರಂತೆ. ಇದನ್ನು ಹೊಗಳುವವರು ಬಹಳ. ಆ ಮಧ್ಯಾಹ್ನ ಮನೆಯಲ್ಲಿ ಕುಳಿತಿದ್ದ ಶಾರದಮ್ಮನವರನ್ನು ನೆನೆದರೆ ನನಗಂತೂ ಹೊಗಳುವ ಮನಸ್ಸಾಗುವುದಿಲ್ಲ.

೧೯೪೪ರಲ್ಲಿ ಮದರಾಸನ್ನು ಬಿಟ್ಟು, ಮರುವರ್ಷ ಕಾಶಿ ಹಿಂದೂ ವಿಶ್ವವಿದ್ಯಾನಿಲಯಕ್ಕೆ ಹೋದರು. ರಾಧಾಕೃಷ್ಣನ್ ಅಲ್ಲಿ ಉಪಕುಲಪತಿಗಳಾಗಿದ್ದ ಕಾಲವದು. ಅಲ್ಲಿದ್ದ ಸುಮಾರು ಒಂದು ಲಕ್ಷ ಪುಸ್ತಕಗಳನ್ನು ತಾವೇ ವರ್ಗೀಕರಿಸಿದರು. ೧೯೪೭ರಿಂದ ಕೆಲವು ವರ್ಷ ದಿಲ್ಲಿ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪನ. ಅಲ್ಲಿ ಭಾನುವಾರಗಳಂದು ಶಿಷ್ಯರೂ ಮಿತ್ರರೂ ಅವರ ಮನೆಯಲ್ಲಿ ಸೇರಿ ಚರ್ಚೆ ನಡೆಸುತ್ತಿದ್ದರು.

೧೯೫೭ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಗ್ರಂಥಭಂಡಾರಗಳಿಗಾಗಿ ಸಮಿತಿಯೊಂದನ್ನು ರಚಿಸಿ ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿತು. ವಿಶ್ವವಿದ್ಯಾನಿಲಯಗಳ ಮತ್ತು ಕಾಲೇಜುಗಳ ಗ್ರಂಥಪಾಲರಿಗೆ ಅಧ್ಯಾಪಕರಿಗೆ ಸಮನಾದ ಸ್ಥಾನವನ್ನೂ ವೇತನವನ್ನೂ ಕೊಡಬೇಕೆಂದು ಆ ಸಮಿತಿ ಶಿಫಾರಸು ಮಾಡಿತು. ಹಣದ ಆಸೆಗಾಗಿ ಹೇಳಿದ ಮಾತಲ್ಲ ಇದು. ಗುಮಾಸ್ತನೆಂದು ತಿಳಿದವನ ಬಳಿಗೆ ಯಾವ ಅಧ್ಯಾಪಕನೂ ಸಲಹೆಗೆ ಹೋಗುವುದಿಲ್ಲ. ಅಧ್ಯಾಪಕನು ಹೋಗದ ಕಡೆಗೆ ವಿದ್ಯಾರ್ಥಿಯೂ ಹೋಗುವುದಿಲ್ಲ. ಹಣದ ವಿಷಯದಲ್ಲಿ ಅವರೆಂಥವರೆಂದರೆ, ತಾವು ಕೂಡಿಸಿದ್ದ ಒಂದು ಲಕ್ಷ ರೂಪಾಯಿಗಳನ್ನು ಹೆಂಡತಿಯ ಹೆಸರಿನಲ್ಲಿ ಗ್ರಂಥಾಲಯ ಶಾಸ್ತ್ರದ ಪ್ರಾಧ್ಯಾಪಕ ಪೀಠಕ್ಕಾಗಿ ಮದರಾಸು ವಿಶ್ವವಿದ್ಯಾನಿಲಯಕ್ಕೆ ಕೊಟ್ಟುಬಿಟ್ಟಿದ್ದರು.

ಕಡೆಯ ವರ್ಷಗಳನ್ನು ಅವರು ಕಳೆದದ್ದು ಬೆಂಗಳೂರಿನಲ್ಲಿ. ೧೯೬೨ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ, ಗ್ರಂಥಪಾಲರನ್ನು ತಯಾರು ಮಾಡುವ ಸಂಶೋಧನ ಮತ್ತು ತರಬೇತಿ ಕೇಂದ್ರವೊಂದನ್ನು ಇಲ್ಲಿ ಸ್ಥಾಪಿಸಿದರು. ೧೯೬೫ರಲ್ಲಿ ಅವರಿಗೆ ರಾಷ್ಟ್ರೀಯ ಸಂಶೋಧನ ಪ್ರಾಧ್ಯಾಪಕ ಪದವಿ ಬಂದಿತು. ಅದೇ ವರ್ಷ ಆಗಿನ ಮೈಸೂರು ರಾಜ್ಯವು ಸಾರ್ವಜನಿಕ ಗ್ರಂಥಾಲಯಗಳ ಶಾಸನವನ್ನು ಮಾಡಿತು. ಅದರ ಮೂಲ ಕರಡು ರಂಗನಾಥನ್ ಅವರದು. ೧೯೭೨ರ ಸೆಪ್ಟೆಂಬರ್ ೨೭ರಂದು ಬೆಂಗಳೂರಿನಲ್ಲಿಯೇ ಅವರು ಕಾಲವಾದರು. ಆ ಶಾಸನದಂತೆ ಜನರಿಂದ ಎತ್ತುವ ಗ್ರಂಥಾಲಯ ಕರದಿಂದ ನಡೆಯುವ ಶಾಖೆಯೊಂದು ನಮ್ಮ ತಾಲ್ಲೂಕಿನ ಊರಿನಲ್ಲಿಯೂ ಉಂಟು. ಬಸ್ ನಿಲ್ದಾಣದ ಹಿಂದೆ, ಎರಡು ಕೋಣೆಗಳ ಕಟ್ಟಡ. ಅಲ್ಲಿ ಬೀರುಗಳಿಗೆ ಬೀಗವಿಲ್ಲ.