ತಿಂಗಳಿಗೆ ಒಂದು ಪೆನ್ನಿ: ಡೇನಿಯಲ್ ಓಕಾನೆಲ್

ಡೇನಿಯಲ್ ಓಕಾನೆಲ್ ಅವರು 1775ರ ಆಗಸ್ಟ್ 6ರಂದು ಐರ್ಲೆಂಡಿನ ಕೆರ್ರಿ ಎಂಬಲ್ಲಿ ಜನಿಸಿದರು. ಆ ದೇಶದ ಬಹುಪಾಲು ಜನರು ಕ್ಯಾಥೊಲಿಕರು. ಆದರೆ ಅಧಿಕಾರವೆಲ್ಲ ಪ್ರೊಟೆಸ್ಟೆಂಟರ ಕೈಯಲ್ಲಿತ್ತು. ಕ್ಯಾಥೊಲಿಕರು ಸಂಸತ್ತಿನ ಸದಸ್ಯರಾಗುವಂತಿರಲಿಲ್ಲ, ನ್ಯಾಯಾಧೀಶರಾಗುವಂತಿರಲಿಲ್ಲ. ಶ್ರೀಮಂತರಾಗಿದ್ದ ದೊಡ್ಡಪ್ಪ ಅವರನ್ನು ಫ್ರಾನ್ಸಿನಲ್ಲಿ ಓದಿಸಿದರು. ಅಲ್ಲಿನ ಕ್ರಾಂತಿಯ ರಕ್ತಪಾತ ಕಂಡ ಮೇಲೆ, ಹಕ್ಕುಗಳನ್ನು ಶಾಂತಿಯಿಂದಲೇ ಪಡೆಯಬೇಕೆಂಬುದು ಅವರ ನಿಲುವಾಯಿತು. 1798ರಲ್ಲಿ ವಕೀಲರಾದರು.

1823ರಲ್ಲಿ ಅವರು ಕ್ಯಾಥೊಲಿಕ್ ಅಸೋಸಿಯೇಷನ್ ಸ್ಥಾಪಿಸಿದರು. ಅದರ ಸದಸ್ಯತ್ವ ಶುಲ್ಕ ವರ್ಷಕ್ಕೆ ಒಂದು ಗಿನಿ, ಅಂದರೆ 21 ಶಿಲಿಂಗ್. ಬಡ ರೈತರಿಗೆ ಇದು ಆಗದ ಮಾತು. ಆದ್ದರಿಂದ 1824ರಲ್ಲಿ ತಿಂಗಳಿಗೆ ಒಂದು ಪೆನ್ನಿ ಕೊಟ್ಟವರನ್ನೂ ಸೇರಿಸಿಕೊಂಡರು. 12 ಪೆನ್ನಿಗೆ ಒಂದು ಶಿಲಿಂಗ್. ಹಾಗಾದರೆ 21 ಬಡವರ ವರ್ಷದ ಚಂದಾ ಒಬ್ಬ ಶ್ರೀಮಂತನ ಶುಲ್ಕಕ್ಕೆ ಸಮ. ಈ ಹಣ ಚರ್ಚುಗಳ ಬಾಗಿಲಲ್ಲಿ ಸಂಗ್ರಹವಾಗುತ್ತಿತ್ತು. ಜುಮಾ ದಿನ ಚಂದಾ ಡಬ್ಬಿ ನೋಡಿ ಬೆಳೆದ ನನಗೆ ಇದು ಸುಲಭವಾಗಿ ಅರ್ಥವಾಯಿತು. ಹಣಕ್ಕಿಂತ ದೊಡ್ಡ ಲಾಭವೆಂದರೆ, ಪೆನ್ನಿ ಕೊಟ್ಟ ಪ್ರತಿಯೊಬ್ಬನೂ ಹೋರಾಟ ತನ್ನದೆಂದು ತಿಳಿದ.

1828ರಲ್ಲಿ ಓಕಾನೆಲ್ ಕ್ಲೇರ್ ಕ್ಷೇತ್ರದ ಉಪಚುನಾವಣೆಯಲ್ಲಿ ಗೆದ್ದರು. ಆದರೆ ಸಂಸತ್ತಿನಲ್ಲಿ ಕೂರಲು ತಮ್ಮ ಧರ್ಮದ ನಂಬಿಕೆಗಳನ್ನೇ ನಿರಾಕರಿಸುವ ಪ್ರಮಾಣ ಮಾಡಬೇಕಿತ್ತು. ಅವರು ಅದಕ್ಕೆ ಒಪ್ಪುವವರಲ್ಲ. ದಂಗೆಯಾದೀತೆಂದು ಹೆದರಿದ ಸರ್ಕಾರ 1829ರಲ್ಲಿ ಕಾನೂನನ್ನೇ ಬದಲಾಯಿಸಿತು. ಕ್ಯಾಥೊಲಿಕರಿಗೆ ಸಂಸತ್ತಿನ ಬಾಗಿಲು ತೆರೆಯಿತು. ಆದರೆ ಅದೇ ವರ್ಷ ಮತದಾನಕ್ಕೆ ಬೇಕಾದ ಆಸ್ತಿಯ ಮಿತಿಯನ್ನು 2 ಪೌಂಡಿನಿಂದ 10 ಪೌಂಡಿಗೆ ಏರಿಸಲಾಯಿತು. ಅವರನ್ನು ಗೆಲ್ಲಿಸಿದ ಬಡ ರೈತರೇ ಮತ ಕಳೆದುಕೊಂಡರು. ಲಾಭದ ಜೊತೆ ಈ ನಷ್ಟವನ್ನೂ ನಾವು ಲೆಕ್ಕಕ್ಕೆ ಹಿಡಿಯಬೇಕು.

ಓಕಾನೆಲ್ ಕೇಳಿದ್ದು ತಮ್ಮವರಿಗೆ ಮಾತ್ರವಲ್ಲ. ಸಂಸತ್ತಿನಲ್ಲಿ ಯಹೂದಿಗಳ ಹಕ್ಕುಗಳನ್ನು ಬೆಂಬಲಿಸಿದರು, ಗುಲಾಮಗಿರಿಯನ್ನು ವಿರೋಧಿಸಿದರು. ಅವರ ಪ್ರಯತ್ನದಿಂದ 1832ರಲ್ಲಿ ಡಬ್ಲಿನ್ನಿನ ಗ್ಲಾಸ್‌ನೆವಿನ್‌ನಲ್ಲಿ ಎಲ್ಲ ಧರ್ಮದವರಿಗೂ ಸ್ಮಶಾನ ತೆರೆಯಿತು. 1843ರಲ್ಲಿ ಐರ್ಲೆಂಡಿಗೆ ಸ್ವಂತ ಸಂಸತ್ತು ಬೇಕೆಂದು ಕರೆದಿದ್ದ ಕ್ಲಾಂಟಾರ್ಫ್ ಸಭೆಯನ್ನು ಸರ್ಕಾರ ನಿಷೇಧಿಸಿತು. ಜನರ ರಕ್ತ ಹರಿಯಬಾರದೆಂದು ಅವರು ಸಭೆಯನ್ನು ರದ್ದು ಮಾಡಿದರು. ಆದರೂ ಮರುವರ್ಷ ಅವರನ್ನು ಜೈಲಿಗೆ ಹಾಕಲಾಯಿತು. 1847ರ ಮೇ 15ರಂದು, ರೋಮಿಗೆ ಹೋಗುವ ದಾರಿಯಲ್ಲಿ, ಜಿನೋವಾದಲ್ಲಿ ತೀರಿಕೊಂಡರು. ಅವರ ಸಮಾಧಿ ಗ್ಲಾಸ್‌ನೆವಿನ್‌ನಲ್ಲೇ ಇದೆ.

ಅವರ ನಂತರ ಐರಿಷ್ ಎಂದರೆ ಕ್ಯಾಥೊಲಿಕ್ ಎಂಬ ಭಾವನೆ ಬಲವಾಗುತ್ತ ಹೋಯಿತು. ಸ್ವತಂತ್ರ ಐರ್ಲೆಂಡಿನ 1937ರ ಸಂವಿಧಾನ ಕ್ಯಾಥೊಲಿಕ್ ಚರ್ಚಿಗೆ ವಿಶೇಷ ಸ್ಥಾನ ಕೊಟ್ಟಿತು. 1972ರಲ್ಲಿ ಜನರೇ ಮತ ಹಾಕಿ ಆ ಮಾತನ್ನು ತೆಗೆದುಹಾಕಿದರು. ಓಕಾನೆಲ್ ಧರ್ಮ ಬಿಡಲಿಲ್ಲ, ಧರ್ಮಕ್ಕಾಗಿ ಸಿಂಹಾಸನವನ್ನೂ ಕೇಳಲಿಲ್ಲ. ಕೇಳಿದ್ದು ಸಮಾನ ಜಾಗ. ಬಹುಸಂಖ್ಯಾತರಾಗಲಿ, ಅಲ್ಪಸಂಖ್ಯಾತರಾಗಲಿ, ಇದಕ್ಕಿಂತ ಹೆಚ್ಚು ಕೇಳಬಾರದು, ಕಡಿಮೆಗೆ ಒಪ್ಪಲೂ ಬಾರದು ಎಂದು ನನಗನಿಸುತ್ತದೆ.