ಲೂಯಿ ಪಾಶ್ಚರ್

ಶತ್ರು ಬಾಗಿಲಿಗೆ ಬಂದ ಮೇಲೆ ಕೋಟೆ ಕಟ್ಟಲು ತೊಡಗುವುದು ವ್ಯರ್ಥ. ಅವನು ಬರುವ ಮೊದಲೇ ಕಾವಲನ್ನು ಬಲಪಡಿಸಬೇಕು. ದೇಹವೆಂಬ ಕೋಟೆಗೂ ಈ ಮಾತು ಸಲ್ಲುತ್ತದೆ. ರೋಗ ತಗಲುವ ಮುನ್ನವೇ ದೇಹವನ್ನು ಅದರ ವಿರುದ್ಧ ಸಜ್ಜುಗೊಳಿಸುವ ವಿದ್ಯೆಯನ್ನು ಇಂಗ್ಲೆಂಡಿನ ಎಡ್ವರ್ಡ್ ಜೆನ್ನರನು 1796ರಲ್ಲಿ ಸಿಡುಬಿನ ವಿಷಯದಲ್ಲಿ ತೋರಿಸಿಕೊಟ್ಟನು. ಆ ವಿದ್ಯೆಯನ್ನು ಇತರ ರೋಗಗಳಿಗೂ ವಿಸ್ತರಿಸಿದ ಕೀರ್ತಿ ಲೂಯಿ ಪಾಶ್ಚರನದು.

ಪಾಶ್ಚರನು 1822ನೆಯ ಇಸವಿ ಡಿಸೆಂಬರ್ 27ರಂದು ಫ್ರಾನ್ಸ್ ದೇಶದ ಡೋಲ್ ಎಂಬ ಊರಿನಲ್ಲಿ ಜನಿಸಿದನು. ತಂದೆ ತೊಗಲು ಹದಮಾಡುವ ವೃತ್ತಿಯವನು. ಬಾಲ್ಯದಲ್ಲಿ ಚಿತ್ರ ಬರೆಯುವುದರಲ್ಲಿ ಆಸಕ್ತನಾಗಿದ್ದ ಹುಡುಗನು ಮುಂದೆ ರಸಾಯನ ವಿಜ್ಞಾನಿಯಾದನು. ಹಾಲು ಹುಳಿಯುವುದಕ್ಕೂ ದ್ರಾಕ್ಷಾರಸ ಕೆಡುವುದಕ್ಕೂ ಕಣ್ಣಿಗೆ ಕಾಣದ ಜೀವಿಗಳೇ ಕಾರಣವೆಂದು ಕಂಡುಕೊಂಡನು. ಹಾಗಾದರೆ ರೋಗಗಳಿಗೂ ಇಂತಹ ಜೀವಿಗಳೇ ಏಕೆ ಕಾರಣವಾಗಿರಬಾರದು? ಈ ಪ್ರಶ್ನೆ ಅವನಿಗೆ ಬರಿಯ ಶಾಸ್ತ್ರಜಿಜ್ಞಾಸೆಯಾಗಿರಲಿಲ್ಲ. ಅವನ ಐವರು ಮಕ್ಕಳಲ್ಲಿ ಮೂವರು ಹೆಣ್ಣುಮಕ್ಕಳು ಎಳವೆಯಲ್ಲಿಯೇ ತೀರಿಕೊಂಡಿದ್ದರು. ಅವರಲ್ಲಿ ಇಬ್ಬರನ್ನು ವಿಷಮಶೀತಜ್ವರ ಬಲಿ ತೆಗೆದುಕೊಂಡಿತ್ತು. 1868ರಲ್ಲಿ ಪಾರ್ಶ್ವವಾಯು ಬಡಿದು ಪಾಶ್ಚರನ ಎಡಭಾಗವೇ ಸ್ವಾಧೀನ ತಪ್ಪಿತು. ಆದರೂ ಅವನು ಎದೆಗುಂದಲಿಲ್ಲ.

ಕೋಳಿಗಳಿಗೆ ತಗಲುವ ಕಾಲರಾ ರೋಗವನ್ನು ಪರೀಕ್ಷಿಸುತ್ತಿದ್ದಾಗ ಅವನಿಗೊಂದು ಸೋಜಿಗ ಕಂಡಿತು. ಬಹುದಿನ ಇರಿಸಿದ್ದ ರೋಗಾಣುಗಳನ್ನು ಚುಚ್ಚಿದ ಕೋಳಿಗಳು ಸಾಯಲಿಲ್ಲ. ಅನಂತರ ಹೊಸ ರೋಗಾಣುಗಳನ್ನು ಚುಚ್ಚಿದರೂ ಅವು ಬದುಕಿಕೊಂಡವು. ಬಲಗುಂದಿದ ಶತ್ರುವಿನೊಡನೆ ಒಮ್ಮೆ ಸೆಣಸಿದ ದೇಹವು ಬಲಿಷ್ಠ ಶತ್ರುವನ್ನೂ ಎದುರಿಸಬಲ್ಲುದೆಂಬ ತತ್ತ್ವ ಸ್ಪಷ್ಟವಾಯಿತು.

ಆ ಕಾಲದಲ್ಲಿ ನೆರಡಿ ರೋಗವು ಫ್ರಾನ್ಸಿನ ಕುರಿಮಂದೆಗಳನ್ನು ನಾಶಮಾಡುತ್ತಿತ್ತು. ಸತ್ತ ಕುರಿಯ ಹೊಟ್ಟೆಯನ್ನು ಸೀಳಿದರೆ ಗುಲ್ಮವು ಊದಿಕೊಂಡು ಕಪ್ಪಾಗಿ ಕಾಣುತ್ತಿತ್ತು. ಆದುದರಿಂದ ಅಲ್ಲಿನ ರೈತರು ಆ ರೋಗವನ್ನು ಗುಲ್ಮದ ನೆತ್ತರು ಎಂದೇ ಕರೆಯುತ್ತಿದ್ದರು. 1881ರ ಮೇ ತಿಂಗಳಲ್ಲಿ ಪುಯೀ ಲ ಫೋರ್ ಎಂಬ ಹಳ್ಳಿಯಲ್ಲಿ ಪಾಶ್ಚರನು 24 ಕುರಿಗಳಿಗೆ ಎರಡು ಸಲ ಲಸಿಕೆ ಹಾಕಿದನು. ಇನ್ನು 24 ಕುರಿಗಳಿಗೆ ಹಾಕಲಿಲ್ಲ. ಮೇ 31ರಂದು ಎಲ್ಲ ಕುರಿಗಳಿಗೂ ಪ್ರಬಲವಾದ ರೋಗಾಣುಗಳನ್ನು ಚುಚ್ಚಲಾಯಿತು. ಜೂನ್ 2ರಂದು ಜನ ಕಿಕ್ಕಿರಿದು ನೆರೆದರು. ಲಸಿಕೆ ಪಡೆದ ಕುರಿಗಳು ಜೀವದಿಂದ ಇದ್ದವು. ಪಡೆಯದವುಗಳಲ್ಲಿ ಬಹುಪಾಲು ಆಗಲೇ ಸತ್ತು ಬಿದ್ದಿದ್ದವು. ಉಳಿದವು ಸಂಜೆಯೊಳಗೆ ಸತ್ತವು. ಆ ಲಸಿಕೆಯನ್ನು ಹದಗೊಳಿಸಿದ ವಿಧಾನ ಸಹೋದ್ಯೋಗಿ ಶಾಂಬರ್ಲಾನನದು. ಅದನ್ನು ಪಾಶ್ಚರನು ಅಂದು ಬಹಿರಂಗಪಡಿಸಲಿಲ್ಲವೆಂಬುದು ಅವನ ಬಾಳಿನಲ್ಲಿ ಉಳಿದ ಒಂದು ಕೊರತೆ.

ಅವನ ಮುಂದಿನ ಗುರಿ ಹುಚ್ಚುನಾಯಿ ರೋಗ. 1885ರ ಜುಲೈ 6ರಂದು ತಾಯಿಯೊಬ್ಬಳು ನಾಯಿ ಕಚ್ಚಿದ ಒಂಬತ್ತು ವರ್ಷದ ಮಗ ಜೋಸೆಫ್ ಮೈಸ್ಟರನನ್ನು ಕರೆತಂದಳು. ಪಾಶ್ಚರನು ವೈದ್ಯನಲ್ಲ. ಲಸಿಕೆಯಿಂದಲೇ ಬಾಲಕನು ಮಡಿದರೆ ಅಪವಾದ ತಪ್ಪದು; ಕೊಡದಿದ್ದರೆ ರೋಗಕ್ಕೆ ತುತ್ತಾಗುವ ಭಯ. ಕಡೆಗೆ ವೈದ್ಯರ ಕೈಯಿಂದ ಚುಚ್ಚುಮದ್ದು ಕೊಡಿಸಿದನು. ಹತ್ತಾರು ದಿನಗಳು ಪಾಶ್ಚರನಿಗೆ ಮನಶ್ಶಾಂತಿಯಿರಲಿಲ್ಲ. ಬಾಲಕನು ಬದುಕಿದನು. ಪ್ಯಾರಿಸಿನಲ್ಲಿ 1888ರಲ್ಲಿ ಪಾಶ್ಚರ್ ಸಂಸ್ಥೆ ತೆರೆಯಿತು. ಬೆಳೆದು ದೊಡ್ಡವನಾದ ಮೈಸ್ಟರನು ಅದರ ದ್ವಾರಪಾಲಕನಾಗಿ ಸೇವೆ ಸಲ್ಲಿಸಿದನು. ಪಾಶ್ಚರನು 1895ರ ಸೆಪ್ಟೆಂಬರ್ 28ರಂದು ನಿಧನಹೊಂದಿದನು.

ಅವನ ಇನ್ನೊಂದು ಕಾಣ್ಕೆಯ ಬೆಲೆ ತಿಳಿದುದು ಬಹುಕಾಲದ ಮೇಲೆ. 1880ರ ಡಿಸೆಂಬರಿನಲ್ಲಿ, ಹುಚ್ಚುನಾಯಿ ರೋಗದಿಂದ ಸತ್ತ ಮಗುವಿನ ಎಂಜಲಿನಲ್ಲಿ ಅವನು ಹೊಸದೊಂದು ರೋಗಾಣುವನ್ನು ಕಂಡಿದ್ದನು. ಅದು ಆ ರೋಗದ್ದಲ್ಲ. ನ್ಯುಮೋನಿಯಾ ಮುಂತಾದ ರೋಗಗಳನ್ನು ತರುವ ನ್ಯುಮೋಕಾಕಸ್ ಅದೆಂದು ಅನಂತರ ತಿಳಿಯಿತು. ಪಕ್ಕೆಲುಬುಗಳ ಕೆಳಗೆ ಎಡಗಡೆ ಇರುವ ಗುಲ್ಮವು ನೆತ್ತರನ್ನು ಸೋಸಿ ಇಂತಹ ರೋಗಾಣುಗಳನ್ನು ಹಿಡಿದು ನಾಶಮಾಡುತ್ತದೆ. ಅಪಘಾತದಲ್ಲಿ ಹರಿದುದರಿಂದಲೋ ರೋಗದಿಂದಲೋ ಗುಲ್ಮವನ್ನು ತೆಗೆಸಿಕೊಂಡವರು ಬದುಕಿ ಬಾಳಬಲ್ಲರು. ಆದರೆ ಅವರ ಕೋಟೆಯ ಒಂದು ಕಾವಲು ಇಲ್ಲವಾಗಿರುತ್ತದೆ. ಆಗ ಈ ರೋಗಾಣು ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಕುತ್ತು ತರಬಲ್ಲದು. ಹಲವು ಬಗೆಯ ನ್ಯುಮೋಕಾಕಸ್‌ಗಳನ್ನು ತಡೆಯುವ ಲಸಿಕೆಗೆ 1977ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಗುಲ್ಮವನ್ನು ತೆಗೆಯುವುದೆಂದು ಮೊದಲೇ ನಿಶ್ಚಯವಾಗಿದ್ದರೆ, ಕನಿಷ್ಠ ಎರಡು ವಾರ ಮುಂಚೆ ಇಂತಹ ಲಸಿಕೆಗಳನ್ನು ಹಾಕಿಸುವುದು ಇಂದಿನ ವೈದ್ಯರ ಕ್ರಮ. ಮುಂದೆಯೂ ಅವರು ಹೇಳಿದ ಕಾಲಕ್ಕೆ ಲಸಿಕೆ ಪಡೆಯಬೇಕು. ಜ್ವರ ಬಂದರೆ ತಡಮಾಡದೆ ಅವರನ್ನು ಕಾಣಬೇಕು.

ಕುರಿಯ ಗುಲ್ಮವನ್ನು ಕೆಡಿಸಿದ ರೋಗವನ್ನು ಗೆದ್ದ ತತ್ತ್ವವೇ ಇಂದು ಗುಲ್ಮವಿಲ್ಲದ ಮನುಷ್ಯನನ್ನು ಕಾಯುತ್ತಿದೆ. ತನ್ನ ಮಕ್ಕಳನ್ನು ಉಳಿಸಿಕೊಳ್ಳಲಾರದ ತಂದೆಯೊಬ್ಬನು ಲೋಕದ ಮಕ್ಕಳಿಗೆ ಬಿಟ್ಟುಹೋದ ಆಸ್ತಿಯಿದು.